ಮೀನು ಬಿಟ್ಟಿದ್ದಕ್ಕೇ ಇರಬೇಕು

ಪಂಢರಪುರಕ್ಕೆ ನಡೆದು ಹೋಗುವ ಮಾತನ್ನು ನನ್ನ ಹೆಂಡತಿ ಮದುವೆಯಾಗಿ ಬಂದ ಮೊದಲ ವರ್ಷವೇ ಎತ್ತಿದ್ದಳು. ಅವಳ ತವರು ಹಿಲ್ಲೂರು, ಅಂಕೋಲೆಯಿಂದ ಒಳಗೆ, ಕಾಡಿನ ಕಡೆ. ಅವಳ ಅಪ್ಪ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡ ವಾರಕರಿ, ವಿಠೋಬನ ವಾರಿಗೆ ಎಂದರೆ ಪಾದಯಾತ್ರೆಗೆ ತಪ್ಪದೆ ಹೋಗುವವರು. ಪ್ರತಿ ವರ್ಷ ದಸರೆ ಕಳೆದ ಮೇಲೆ ಹತ್ತಿಪ್ಪತ್ತು ಜನರ ದಿಂಡಿ ಕಟ್ಟಿಕೊಂಡು, ತಾಳ ಹಾಕುತ್ತ, ಅಭಂಗ ಹೇಳುತ್ತ ಘಟ್ಟ ಹತ್ತಿ, ಕಾರ್ತಿಕ ಏಕಾದಶಿಗೆ ಸರಿಯಾಗಿ ವಿಠೋಬನ ಮುಂದೆ ನಿಲ್ಲುತ್ತಿದ್ದರಂತೆ. ಬರುವಾಗ ಬಸ್ಸು. ಚೀಲದ ತುಂಬ ಪ್ರಸಾದದ ಚುರುಮುರಿ. ನಾನೂ ಬರುತ್ತೇನೆ ಎಂದು ಇವಳು ಹಟ ಹಿಡಿದಾಗೆಲ್ಲ ಅವರು, "ಮದುವೆ ಆದ್ಮೇಲೆ ಗಂಡನ ಕೂಡೆ ಹೋಗೆ" ಎನ್ನುತ್ತಿದ್ದರು. ಮಾವನವರು ಬಹಳ ಸುಲಭವಾಗಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿ ಹೋದರು.

ನಾನು ಸರ್ವೆ ಇಲಾಖೆಯಲ್ಲಿದ್ದವನು. ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ಜಮೀನಿನ ಗಡಿ ಅಳೆದು, ಎರಡೂ ಕಡೆಯವರ ಬೈಗುಳ ತಿಂದವನು. ಅವಳು ಕೇಳಿದಾಗಲೆಲ್ಲ ನನ್ನ ಹತ್ತಿರ ಒಂದು ಕಾರಣ ತಯಾರಿರುತ್ತಿತ್ತು. ಈ ವರ್ಷ ರಜೆ ಸಿಗುವುದಿಲ್ಲ. ಈ ವರ್ಷ ಅಮ್ಮನ ಸೊಂಟ ಮುರಿದಿದೆ. ಈ ವರ್ಷ ನನ್ನನ್ನು ಮುಂಡಗೋಡಕ್ಕೆ ಹಾಕಿದ್ದಾರೆ. ಒಂದೂ ಸುಳ್ಳಲ್ಲ, ಅದೇ ತೊಂದರೆ. ಸುಳ್ಳಾಗಿದ್ದರೆ ಅವಳು ಜಗಳವಾದರೂ ಮಾಡುತ್ತಿದ್ದಳು. ಕೊನೆಗೆ "ರಿಟೈರ್ ಆಗಲಿ" ಎಂಬ ಒಂದೇ ಕಾರಣ ಉಳಿಯಿತು, ಅದನ್ನೇ ಹತ್ತು ವರ್ಷ ಓಡಿಸಿದೆ. ನಮಗೆ ಮಕ್ಕಳಿಲ್ಲ. ಅವಳು ನನ್ನಲ್ಲಿ ಹಟದಿಂದ ಕೇಳಿದ್ದು ಈ ಒಂದನ್ನೇ.

ನಾನು ನಿವೃತ್ತನಾದದ್ದು ಮೇ ತಿಂಗಳ ಕೊನೆಗೆ. ಕಚೇರಿಯಲ್ಲಿ ಹಾಕಿದ ಶಾಲು ಇನ್ನೂ ಹೆಗಲ ಮೇಲಿತ್ತು, ಅಮದಳ್ಳಿಯ ನಮ್ಮ ಮನೆಯ ಜಗಲಿ ಹತ್ತುತ್ತಿದ್ದೆ, ಅವಳು ಕ್ಯಾಲೆಂಡರ್ ಕೈಯಲ್ಲಿ ಹಿಡಿದೇ ಬಂದಳು.

"ಈಗ ಎಂತ ಹೇಳ್ತ್ರಿ ಹೇಳಿ ನೋಡ್ವಾ" ಎಂದಳು.

"ಚಾ ಕೊಡು ಹೇಳ್ತೆ" ಎಂದೆ.

ಚಾ ಕುಡಿದು ಮುಗಿಸುವಷ್ಟರಲ್ಲಿ ಒಪ್ಪಿದ್ದೆ. ನಿಜ ಹೇಳಬೇಕೆಂದರೆ ನನಗೂ ಹುಮ್ಮಸ್ಸು ಬಂದಿತ್ತು. ದೇವರ ಮೇಲಿನ ಭಕ್ತಿಯಿಂದಲ್ಲ, ದೂರದ ಮೇಲಿನ ಪ್ರೀತಿಯಿಂದ. ನಾನೂರು ಕಿಲೋಮೀಟರಿನ ಆಸುಪಾಸು. ಸದಾಶಿವಗಡ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾ, ಖಾನಾಪುರ, ಬೆಳಗಾವಿ, ಮಿರಜ್. ಸರಪಳಿ ಎಳೆದು ಜೀವನ ಕಳೆದವನಿಗೆ ಇದು ಎಷ್ಟರ ಮಾತು ಎಂದುಕೊಂಡೆ. ಮರುದಿನವೇ ಗ್ರಾಫ್ ಹಾಳೆಯಲ್ಲಿ ಒಂದು ನಕ್ಷೆ ಎಳೆದು, ಯಾವ ವಾರ ಎಷ್ಟು ನಡೆದು ಅಭ್ಯಾಸ ಮಾಡಬೇಕು, ಎಷ್ಟು ನಿಮಿಷಕ್ಕೆ ಎಷ್ಟು ದೂರ ಹೋಗಬೇಕು ಎಂದೆಲ್ಲ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಅವಳು ಅದನ್ನು ಓದಿ, "ಇದು ವಾರಿಯಾ, ಪೋಲೀಸ್ ಭರ್ತಿಯಾ?" ಎಂದಳು.

ದಿಂಡಿಯ ಹಿರಿಯರನ್ನು ನಮ್ಮ ಕಡೆ ಬುವಾ ಎನ್ನುತ್ತಾರೆ. ನಾವು ಸೇರಬೇಕಿದ್ದ ದಿಂಡಿಯ ಬುವಾ ಅಂಕೋಲೆಯ ಹತ್ತಿರದ ಒಬ್ಬ ರೈತ, ನನಗಿಂತ ಹತ್ತು ವರ್ಷ ದೊಡ್ಡವರು, ನನಗಿಂತ ಎರಡು ಪಟ್ಟು ಗಟ್ಟಿ. ನಡೆಯಲು ಬರುವವರೆಲ್ಲ ಮಾಲೆ ಹಾಕಲೇಬೇಕೆಂದಿಲ್ಲ, ದಾರಿಯುದ್ದಕ್ಕೂ ಮೀನು ಮಾಂಸ ಮುಟ್ಟದಿದ್ದರೆ ಸಾಕು ಎಂದರು. ಮಾಲೆ ಹಾಕಿಸಿಕೊಂಡರೆ ಮಾತ್ರ ಅದು ಆಜನ್ಮಕ್ಕೆ. ಕಡಲ ದಂಡೆಯ ಜನರಿಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಯಾರಾದರೂ ಮಾಲೆ ಹಾಕಿಸಿಕೊಂಡರು ಎಂದರೆ ಕೇಳಿದವರು ಮೊದಲು ವಿಠೋಬನ ವಿಷಯ ಕೇಳುವುದಿಲ್ಲ, "ಹಾಗಾದ್ರೆ ಮೀನು?" ಎಂದು ಕೇಳುತ್ತಾರೆ.

ನಾನು ಹಾಕಿಸಿಕೊಳ್ಳಲಿಲ್ಲ. ಅವಳು ಆಷಾಢ ಏಕಾದಶಿಯ ದಿನ ಹಾಕಿಸಿಕೊಂಡಳು. ಅದರ ಹಿಂದಿನ ದಿನ ಬಂಗಡೆ ಸಿಕ್ಕಿರಲಿಲ್ಲ, ಮಳೆಗಾಲ, ದೋಣಿಗಳೆಲ್ಲ ದಡದಲ್ಲಿದ್ದವು. ಒಣ ಸಿಗಡಿಯ ಚಟ್ನಿಯಲ್ಲಿ ಅವಳು ಮೀನಿನ ಋಣ ಮುಗಿಸಿದಳು. ಕೊನೆಯ ತುತ್ತು ಎಂದು ಹೇಳಿ ಬೆರಳು ನೆಕ್ಕಿ ನಕ್ಕಳು. ಅಷ್ಟು ಮೀನು ಆಸೆಯ ಹೆಂಗಸು. ಸಾರಿನಲ್ಲಿ ಯಾವ ಮೀನು ಇದೆ, ಅದು ಇವತ್ತಿನದೋ ನಿನ್ನೆಯದೋ ಎಂದು ಮುಚ್ಚಳ ತೆಗೆಯದೇ ಹೇಳುತ್ತಿದ್ದಳು.

ಅವಳು ಬಿಟ್ಟಳು ಎಂದು ನಾನೇನೂ ಬಿಡಲಿಲ್ಲ. ಹಿತ್ತಲ ಕಡೆಯ ಜಗಲಿಯಲ್ಲಿ ನನಗಾಗಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಳು. ದಿನಾ ನನಗೆ ಒಣಮೀನಿನದೋ ಹಸಿಮೀನಿನದೋ ಸಾರು ಮಾಡಿ ಹಾಕಿ, ಕೈ ತೊಳೆದು, ಒಳಗೆ ಹೋಗಿ ತಾನು ಹೆಸರುಕಾಳಿನ ಸಾರು ಉಣ್ಣುತ್ತಿದ್ದಳು. ರುಚಿ ನೋಡುವಂತಿಲ್ಲವಾದ್ದರಿಂದ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಕಡಿಮೆ. "ವಿಠೋಬನಿಗೆ ಹೇಳಿ ಉಪ್ಪು ಹಾಕಿಸೇ" ಎಂದು ನಾನು ಗೊಣಗುತ್ತಿದ್ದೆ. "ನವೆಂಬರದಲ್ಲಿ ಎದುರಿಗೇ ಸಿಗ್ತಾನಲ್ಲ, ನೀವೇ ಹೇಳಿ" ಎನ್ನುತ್ತಿದ್ದಳು.

ಅಭ್ಯಾಸ ಶುರುವಾಯಿತು. ಮಳೆಯಲ್ಲಿ ಬೆಳಿಗ್ಗೆ ಐದೂವರೆಗೆ ಪ್ಲಾಸ್ಟಿಕ್ ಅಂಗಿ ತೊಟ್ಟು ಹೆದ್ದಾರಿಗೆ ಇಳಿಯುತ್ತಿದ್ದೆವು. ಮೊದಲು ತೋಡೂರಿನವರೆಗೆ. ಆಮೇಲೆ ಚೆಂಡಿಯಾ. ಆಮೇಲೆ ಎಡಕ್ಕೆ ನೌಕಾನೆಲೆಯ ಉದ್ದದ ಗೋಡೆ ಹಿಡಿದು ಬಿಣಗಾವರೆಗೆ, ಅಲ್ಲಿ ಕಾರ್ಖಾನೆಯ ಬೆಳಗಿನ ಪಾಳಿಯವರ ನಡುವೆ ಚಾ ಕುಡಿದು ಬಸ್ಸಿನಲ್ಲಿ ವಾಪಸು. ಕಾರವಾರದ ಅಂಗಡಿಯಲ್ಲಿ ಅವಳಿಗೆ ಬೂಟು ಕೊಡಿಸಲು ಹೋದರೆ, ಬೂಟು ಹಾಕಿಕೊಂಡು ದೇವರ ಕಡೆ ಹೋಗಲು ತಾನೇನು ಮಿಲಿಟರಿಯವಳಾ ಎಂದು ಚಪ್ಪಲಿಯನ್ನೇ ಆರಿಸಿದಳು. ಮನೆಗೆ ಬಂದ ಮೇಲೆ ಅಂಗಳದಲ್ಲಿ ಇನ್ನೊಂದು ಅಭ್ಯಾಸ. ದಿಂಡಿಯ ಹೆಂಗಸರು ತಲೆಯ ಮೇಲೆ ತುಳಸಿ ಹೊತ್ತು ನಡೆಯುತ್ತಾರೆ. ಅದಕ್ಕೆಂದು ಮೊದಲು ಖಾಲಿ ಹಿತ್ತಾಳೆ ಕುಂಡ, ಆಮೇಲೆ ಅರ್ಧ ಮಣ್ಣು, ಆಮೇಲೆ ಪೂರ್ತಿ ಮಣ್ಣು ತುಂಬಿ ತಲೆಯ ಮೇಲಿಟ್ಟು ಬಾವಿಯ ಸುತ್ತ ತಿರುಗುತ್ತಿದ್ದಳು. ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡಿ ನಗುತ್ತಿದ್ದರು, ಇವಳೂ ಕುಂಡ ಹಿಡಿದುಕೊಂಡೇ ನಗುತ್ತಿದ್ದಳು. ಹಳೆಯ ಸೀರೆ ಕತ್ತರಿಸಿ ಇಬ್ಬರಿಗೂ ಹೆಗಲ ಚೀಲ ಹೊಲಿದಳು. ವಾರಕ್ಕೊಮ್ಮೆ ಅದನ್ನು ತುಂಬಿ, ತೂಗಿ ನೋಡಿ, ಬಿಚ್ಚಿ ಮತ್ತೆ ತುಂಬುತ್ತಿದ್ದಳು. ಅವಳನ್ನು ನಾನು ಅಷ್ಟು ಖುಷಿಯಲ್ಲಿ ಹಿಂದೆ ನೋಡಿರಲಿಲ್ಲ. ಅದಕ್ಕೆ ಮೂವತ್ತೊಂದು ವರ್ಷ ಕಾಯಿಸಿದವನು ನಾನೇ.

ಆಗಸ್ಟಿನಲ್ಲಿ ಅವಳು ಹಿಂದೆ ಬೀಳತೊಡಗಿದಳು.

ನನ್ನ ನಡಿಗೆ ಒಂದೇ ಲೆಕ್ಕದ್ದು. ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತು, ಗಡಿಯಾರ ನೋಡಿ, ಅವಳಿಗಾಗಿ ಕಾಯುತ್ತಿದ್ದೆ. ಮೊದಲು ಎರಡು ನಿಮಿಷ, ಆಮೇಲೆ ಐದು, ಆಮೇಲೆ ಹನ್ನೆರಡು. ಮಳೆಯ ಮಬ್ಬಿನಲ್ಲಿ ಅವಳ ನೀಲಿ ಪ್ಲಾಸ್ಟಿಕ್ ಅಂಗಿ ನಿಧಾನ ದೊಡ್ಡದಾಗುತ್ತ ಬರುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಹತ್ತಿರ ಬಂದ ಕೂಡಲೆ, "ಹೀಗೆ ನಡೆದ್ರೆ ನಾವು ಮುಟ್ಟೂದು ಮುಂದಿನ ಏಕಾದಶಿಗೆ" ಎನ್ನುತ್ತಿದ್ದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ಉಸಿರು ಸುಧಾರಿಸಿಕೊಂಡು, "ನಡೀರಿ, ಬಂದೆ" ಎನ್ನುತ್ತಿದ್ದಳು. ಆ ಹನ್ನೆರಡು ನಿಮಿಷವನ್ನು ನಾನು ಆ ಗ್ರಾಫ್ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಬರೆದ ಕೈಯನ್ನು ಏನು ಮಾಡಬೇಕೋ ಗೊತ್ತಾಗುವುದಿಲ್ಲ.

ಅವಳು ಸೊರಗುತ್ತಿದ್ದಳು. ಅದು ಎಲ್ಲರಿಗೂ ಕಾಣುತ್ತಿತ್ತು. ಕುಪ್ಪಸ ಸಡಿಲವಾಗಿತ್ತು. ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ಸಾಕು ಎನ್ನುತ್ತಿದ್ದಳು. ಹಾಗೆ ಸೊರಗಿದ್ದು ಯಾಕೆ ಎಂದು ನಮ್ಮಲ್ಲಿ ಯಾರಿಗೂ ಕೇಳಿಕೊಳ್ಳುವ ಅಗತ್ಯ ಬೀಳಲಿಲ್ಲ, ಉತ್ತರ ಮೊದಲೇ ಗೊತ್ತಿತ್ತು. ಮಳೆಗಾಲದ ನಿಷೇಧ ಕಳೆದು ಮತ್ತೆ ಬುಟ್ಟಿ ಹೊತ್ತು ಬರತೊಡಗಿದ ಮೀನಿನ ಹೆಂಗಸು ಗೇಟಿನಲ್ಲಿ ಇವಳನ್ನು ನೋಡಿ ಬುಟ್ಟಿ ಇಳಿಸುವುದನ್ನೇ ಮರೆತಳು.

"ಬಾಯೀ, ಎಂತ ಆಗಿ ಹೋಗೀರಿ. ಹುಟ್ಟಿದಾಗಿಂದ ಮೀನು ತಿಂದ್ ಮೈ ಅದು. ಒಮ್ಮೆಲೇ ಬಿಟ್ರೆ ಹಿಂಗೇ ಆಗೂದು" ಎಂದಳು.

ಪಕ್ಕದ ಮನೆಯವರೂ ಅದನ್ನೇ ಹೇಳಿದರು. ನಾನಂತೂ ದಿನಕ್ಕೆರಡು ಸಲ ಹೇಳುತ್ತಿದ್ದೆ. ಬೆನ್ನು ನೋವು ಎಂದರೆ ಮೀನು ಬಿಟ್ಟಿದ್ದಕ್ಕೇ ಇರಬೇಕು. ಹೊಟ್ಟೆ ಉಬ್ಬರ ಎಂದರೆ ಕಾಳು ಬೇಳೆ ಹೊಟ್ಟೆಗೆ ಹೊಸದು, ಮೀನು ಬಿಟ್ಟಿದ್ದಕ್ಕೇ. ಆ ಉತ್ತರ ಹೇಳುವಾಗ ನನಗೆ ಒಂದು ಬಗೆಯ ಗೆಲುವೂ ಇತ್ತು, ಒಪ್ಪಿಕೊಳ್ಳುತ್ತೇನೆ. ನೋಡಿದೆಯಾ, ನಾನು ಮಾಲೆ ಹಾಕಿಸಿಕೊಳ್ಳದೇ ಇದ್ದದ್ದೇ ಸರಿ ಎಂಬ ಗೆಲುವು.

ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ತನಗೆ ಆಗುತ್ತಿರುವುದು ನಿತ್ರಾಣವಲ್ಲ, ಪರೀಕ್ಷೆ ಎಂದು ನಂಬಿದ್ದಳು. ನಾನು ಹಿತ್ತಲ ಜಗಲಿಯಲ್ಲಿ ಉಣ್ಣುವಾಗ ಅವಳಿಗೆ ಇನ್ನೂ ಬಾಯಲ್ಲಿ ನೀರೂರುತ್ತಿತ್ತಂತೆ. ಕೊರಳಲ್ಲಿ ಮಾಲೆ ಇಟ್ಟುಕೊಂಡು ಮನಸ್ಸಿನಲ್ಲಿ ಬಂಗಡೆ ತಿನ್ನುತ್ತಿದ್ದೇನೆ, ಅದಕ್ಕೇ ವಿಠೋಬ ಹೀಗೆ ಹಿಂಡುತ್ತಿದ್ದಾನೆ ಎಂದುಕೊಂಡು ಅವಳು ನೋವನ್ನು ನುಂಗಿದಳು. ಇದನ್ನೆಲ್ಲ ನನಗೆ ಹೇಳಿದ್ದು ಬಹಳ ಆಮೇಲೆ. ಆಗಲೇ ಹೇಳಿದ್ದರೆ ನಾನು ನಗುತ್ತಿದ್ದೆನೇನೋ.

ಚೌತಿಗೆ ಮುಂಚಿನ ಭಾನುವಾರ ಅಂಕೋಲೆಯವರೆಗೆ ನಡೆಯುವ ದಿನ. ನನ್ನ ಹಾಳೆಯಲ್ಲಿ ಅದಕ್ಕೆ ದೊಡ್ಡ ಅಕ್ಷರ ಬರೆದಿದ್ದೆ. ಅವರ್ಸಾ ದಾಟುವಷ್ಟರಲ್ಲಿ ಅವಳು ಮೂರು ಸಲ ಕೂತಳು. ಅಂಕೋಲೆಯಲ್ಲಿ ಅವಳ ತಂಗಿ ಹಿಲ್ಲೂರಿನಿಂದ ಬಸ್ಸಿನಲ್ಲಿ ಬಂದು ನಮಗಾಗಿ ನಿಂತಿದ್ದಳು. ಅಕ್ಕನನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಅಕ್ಕಾ, ಅಪ್ಪ ಕೊನೆಗೆ ಮಲಗಿದಾಗ ಇದ್ದಂಗೆ ಕಾಣ್ತೆಯಲ್ಲೇ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಭಾವಾ, ಒಮ್ಮೆ ಡಾಕ್ಟ್ರಿಗೆ ತೋರ್ಸಿರಾ?" ಎಂದು ಕೇಳಿದಳು.

"ಡಾಕ್ಟ್ರು ಎಂತಕ್ಕೆ? ಮೀನು ಬಿಟ್ಟಿದ್ದಕ್ಕೇ ಇರಬೇಕು" ಎಂದೆ.

ತಂಗಿ ಹೌದೆನ್ನುವಂತೆ ತಲೆಯಾಡಿಸಿದಳು. ಅವಳೂ ಈ ಕಡಲಿನ ಗಾಳಿಯವಳೇ ತಾನೆ. ನಾನು ಹೊಟೇಲಿಗೆ ಹೋಗಿ ಮೀನು ಊಟ ಮಾಡಿ ಬಂದೆ. ಅವರಿಬ್ಬರೂ ಬಾಳೆಹಣ್ಣು ತಿಂದು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರು.

ಚೌತಿ ಕಳೆದ ವಾರದಲ್ಲಿ ಅವಳು ಅಂಗಳದಲ್ಲಿ ಕುಂಡ ಹೊತ್ತವಳು ಕುಸಿದು ಬಿದ್ದಳು. ಕಾರವಾರದಲ್ಲಿ ಸ್ಕ್ಯಾನ್ ಮಾಡಿದವರು ನಮ್ಮ ಮುಖ ನೋಡದೆ ಮಂಗಳೂರಿಗೆ ಬರೆದುಕೊಟ್ಟರು. ಮಂಗಳೂರಿನಲ್ಲಿ ಐದು ದಿನ. ಆರನೆಯ ದಿನ ಒಬ್ಬ ಡಾಕ್ಟರು, ನನಗಿಂತ ತುಂಬ ಚಿಕ್ಕವರು, ನನ್ನನ್ನು ಒಬ್ಬನನ್ನೇ ಕೋಣೆಗೆ ಕರೆದು ಕೂರಿಸಿದರು. ಹೊಟ್ಟೆಯಲ್ಲಿ ಶುರುವಾದ ಕ್ಯಾನ್ಸರು ಯಕೃತ್ತಿಗೂ ಹರಡಿದೆ ಎಂದರು. ಯಾವಾಗಿನಿಂದ ಊಟ ಸೇರುತ್ತಿಲ್ಲ ಎಂದು ಕೇಳಿದರು.

"ಆಷಾಢದಿಂದ. ಮೀನು ಬಿಟ್ಟ ಮೇಲೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ, ಮತ್ತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಮೀನಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಸರ್. ಆಗಲೇ ಕರೆದುಕೊಂಡು ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ" ಎಂದರು. ಇನ್ನೆಷ್ಟು ದಿನ ಎಂದು ಕೇಳಿದೆ. ತಿಂಗಳು, ಒಂದೂವರೆ ತಿಂಗಳು ಎಂದರು. ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡುತ್ತೇವೆ, ಏನು ಬೇಕೆನಿಸುತ್ತದೋ ಅದನ್ನು ತಿನ್ನಲಿ.

ಆ ಕೋಣೆಯಿಂದ ಹೊರಗೆ ಬಂದವನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತು ಒಂದೇ. ಕಾಯಿಲೆಗೂ ಮೀನಿಗೂ ಸಂಬಂಧವಿಲ್ಲ ಎಂದು ಕೇಳಿ ಎರಡು ನಿಮಿಷ ಆಗಿರಲಿಲ್ಲ, ಇನ್ನು ಹೇಗಾದರೂ ಮಾಡಿ ಅವಳಿಗೆ ಮೀನು ತಿನ್ನಿಸಬೇಕು ಎಂದು ನಿಶ್ಚಯಿಸಿಬಿಟ್ಟೆ. ಯಾರಿಗಾದರೂ ಹೇಳಿದರೆ ಹುಚ್ಚು ಎಂದಾರು. ಆದರೆ ನಮ್ಮ ಕಡೆ ಬಾಣಂತಿಗೆ, ಜ್ವರ ಬಿಟ್ಟವನಿಗೆ, ಹಾಸಿಗೆ ಹಿಡಿದ ಮುದುಕರಿಗೆ, ಯಾರಿಗೆ ಮೈಯಲ್ಲಿ ಶಕ್ತಿ ಬರಬೇಕೋ ಅವರಿಗೆಲ್ಲ ಕೊಡುವುದು ನೊಗ್ಲಿ ಮೀನಿನ ತಿಳಿ ಸಾರು. ನನ್ನ ಅಮ್ಮ ಸೊಂಟ ಮುರಿದುಕೊಂಡಾಗ ಇವಳೇ ಎರಡು ತಿಂಗಳು ಅದನ್ನು ಮಾಡಿ ಉಣ್ಣಿಸಿ ಎಬ್ಬಿಸಿ ನಿಲ್ಲಿಸಿದ್ದಳು. ಡಾಕ್ಟರು ಹೇಳಿದ್ದು ನನ್ನ ತಲೆಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ.

ಅವಳಿಗೆ ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಹೊಟ್ಟೆಯಲ್ಲಿ ಹುಣ್ಣು ಎಂದೆ. ನೊಗ್ಲಿ ಸಾರಿನ ಮಾತು ತೆಗೆದ ಕೂಡಲೆ ಅವಳು ಕೊರಳ ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಸತ್ರೂ ಅಡ್ಡಿಲ್ಲ, ನಾ ತಿನ್ನೂದಿಲ್ಲ" ಎಂದಳು.

ಎರಡು ದಿನ ಗೋಗರೆದೆ. ಬೈದೆ. ಊಟ ಬಿಟ್ಟು ಕೂತೆ, ಅದೂ ನಡೆಯಲಿಲ್ಲ. ಕೊನೆಗೆ ಬುವಾಗೆ ಫೋನು ಮಾಡಿದೆ. ಫೋನಿನಲ್ಲಿ ಇಂಥ ಮಾತು ಬೇಡ ಎಂದು ಅವರು ಮರುದಿನ ಮಧ್ಯಾಹ್ನ ತಾವೇ ಬಸ್ಸು ಹತ್ತಿ ಬಂದರು. ಅಂಗಳದಲ್ಲೇ ನಾನು ಅವರಿಗೆ ಹುಣ್ಣಿನ ಕತೆಯನ್ನೇ ಹೇಳಿದೆ. ಅವರಿಗೂ ನಿಜ ಹೇಳಲಿಲ್ಲ. ಹೇಳಿದ್ದರೆ, ಸಾಯುವವಳ ಕೊರಳಿನ ಮಾಲೆ ತೆಗೆಯಲು ಅವರು ಒಪ್ಪುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಬುವಾ ಅವಳ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

"ನೋಡು ತಂಗಿ, ಜೀವ ಇದ್ರೆ ಮಾಲೆ. ಮಾಲೆ ದೇವ್ರ ಹತ್ರ ಇಡ್ವಾ. ಗುಣ ಆದ್ಮೇಲೆ ನಾನೇ ಬಂದು ಮತ್ತೆ ಹಾಕ್ತೆ. ದೋಷ ಇದ್ರೆ ನನ್ ಮೇಲೆ ಇರ್ಲಿ" ಎಂದರು.

ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ತಿಂದ್ರೆ ನಂಗೆ ಈ ವರ್ಷ ನಡೆಯೂಕೆ ಆತದಾ?" ಎಂದು ಕೇಳಿದಳು.

"ಆತದೆ. ದಿಂಡಿ ಹೊರಡೂಕೆ ಇನ್ನೂ ತಿಂಗಳಿದೆ. ಡಾಕ್ಟ್ರೇ ಹೇಳಿದಾರೆ" ಎಂದೆ.

ಅವಳು ನನ್ನನ್ನು ನಂಬಿದಳು. ಇಷ್ಟು ವರ್ಷ ರಜೆ, ವರ್ಗ, ಅಮ್ಮನ ಸೊಂಟ ಎಂದು ನಿಜವನ್ನೇ ಹೇಳಿ ಅವಳನ್ನು ತಡೆದವನು, ಇದೊಂದು ಸಲ ಸುಳ್ಳು ಹೇಳಿದೆ, ಅದನ್ನು ನಂಬಿ ಅವಳು ತಲೆ ಬಗ್ಗಿಸಿ ಕೊರಳು ಕೊಟ್ಟಳು. ಬುವಾ ಮಾಲೆ ತೆಗೆದು ದೇವರ ಗೂಡಿನಲ್ಲಿಟ್ಟು, ಚಾ ಕೂಡ ಕುಡಿಯದೆ ಹೋದರು.

ನೊಗ್ಲಿಯನ್ನು ಅವತ್ತು ನಾನೇ ತಂದು ನಾನೇ ಸಾರು ಮಾಡಿದೆ. ಅವಳು ಮಲಗಿದಲ್ಲಿಂದಲೇ ಅರಿಶಿನ ಎಷ್ಟು, ಹುಳಿ ಎಷ್ಟು, ಕೊತ್ತಂಬರಿ ಯಾವಾಗ ಎಂದು ಹೇಳಿದಳು. ಚಮಚದಲ್ಲಿ ಮೊದಲ ಗುಟುಕು ಕುಡಿಸಿದಾಗ ಅವಳ ಕಣ್ಣಲ್ಲಿ ನೀರು ಇಳಿಯಿತು. ಆಸೆ ತೀರಿದ್ದಕ್ಕೋ, ವ್ರತ ಮುರಿದದ್ದಕ್ಕೋ ಕೇಳುವ ಧೈರ್ಯ ನನಗಾಗಲಿಲ್ಲ. "ಉಪ್ಪು ಸಾಲದು" ಎಂದಷ್ಟೇ ಹೇಳಿದಳು. ಐದು ದಿನ ಉಂಡಳು. ಮೂರನೆಯ ದಿನ ಎದ್ದು ಜಗಲಿಯವರೆಗೆ ನಡೆದಳು ಕೂಡ. ಅವಳು ನನ್ನ ಕಡೆ ತಿರುಗಿ ಗೆದ್ದವಳ ಹಾಗೆ ನಕ್ಕಾಗ, ಡಾಕ್ಟರಿಗೆ ತಪ್ಪಿರಬೇಕು, ಮಂಗಳೂರಿನವರಿಗೆ ನಮ್ಮ ಮೈಯ ವಿಷಯ ಏನು ಗೊತ್ತು ಎಂದುಕೊಂಡೆ. ಆರನೆಯ ದಿನ ಉಂಡದ್ದೆಲ್ಲ ಹೊರಗೆ ಬಂತು. ಆಮೇಲೆ ಮೀನಲ್ಲ, ಗಂಜಿಯೂ ನಿಲ್ಲಲಿಲ್ಲ.

ನವರಾತ್ರಿ ಬಂತು, ಹೋಯಿತು. ಅವಳು ಒಂದು ಸಲವೂ ಯಾಕೆ ಗುಣವಾಗಲಿಲ್ಲ ಎಂದು ನನ್ನನ್ನು ಕೇಳಲಿಲ್ಲ. ತಂಗಿ ಹಿಲ್ಲೂರಿನಿಂದ ಬಂದು ಜೊತೆಗೆ ಉಳಿದಳು. ಮಾಲೆಯನ್ನು ಮತ್ತೆ ಹಾಕಲೇ ಎಂದು ನಾನು ಒಂದು ದಿನ ಕೇಳಿದೆ. ಬೇಡ ಎಂದಳು. ಬಾಯಿ ಎಂಜಲಾಗಿದೆ, ಮನಸ್ಸು ಬಂದಾಗ ಹಾಕಿ ಮನಸ್ಸು ಬಂದಾಗ ತೆಗೆಯಲು ಅದೇನು ಚಿನ್ನದ ಸರವೇ ಎಂದಳು.

ದಸರೆ ಕಳೆದ ಹತ್ತನೆಯ ದಿನ ದಿಂಡಿ ಹೊರಟಿತು. ಅಂಕೋಲೆ ಕಡೆಯಿಂದ ಕಾರವಾರಕ್ಕೆ ಹೋಗುವ ದಿಂಡಿ ನಮ್ಮ ಮನೆಯ ಗೇಟಿನ ಮುಂದೆಯೇ ಹಾದು ಹೋಗಬೇಕು. ಬೆಳಿಗ್ಗೆಯೇ ಅವಳು ತಂಗಿಯ ಹತ್ತಿರ ತಲೆ ಬಾಚಿಸಿಕೊಂಡು, ನಡೆಯಲೆಂದು ತೆಗೆದಿಟ್ಟಿದ್ದ ಹಸಿರು ಸೀರೆ ಉಡಿಸಿಕೊಂಡಳು. ನಾನು ಮತ್ತು ತಂಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ ಗೇಟಿನ ಹತ್ತಿರ ಇಟ್ಟೆವು. ಕುರ್ಚಿಯದೇ ಭಾರ, ಅವಳದೇನೂ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ತಾಳದ ಸದ್ದು ಕೇಳಿತು. ಮುಂದೆ ಪತಾಕೆ, ಹಿಂದೆ ತುಳಸಿ ಹೊತ್ತ ಹೆಂಗಸರು, ಅವರ ಹಿಂದೆ ಬುವಾ. ಪಕ್ಕದಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು.

ಬುವಾ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ವಾರಕರಿಗಳಲ್ಲಿ ಒಂದು ಪದ್ಧತಿ ಇದೆ. ಒಬ್ಬರನ್ನೊಬ್ಬರು ಕಂಡಾಗ ಹಿರಿಯರು ಕಿರಿಯರು ಎನ್ನದೆ, ಗಂಡು ಹೆಣ್ಣು ಎನ್ನದೆ, ಬಗ್ಗಿ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಎದುರಿನವರೂ ತಿರುಗಿ ಮುಟ್ಟುತ್ತಾರೆ. ಎಲ್ಲರಲ್ಲೂ ಅವನೇ ಇದ್ದಾನೆ ಎಂಬ ಲೆಕ್ಕ. ತುಳಸಿ ಹೊತ್ತ ಹೆಂಗಸರಲ್ಲಿ ಎಲ್ಲರಿಗಿಂತ ಮುದುಕಿಯಾದವಳು ಕುಂಡವನ್ನು ಪಕ್ಕದವಳ ಕೈಗೆ ಕೊಟ್ಟು, ಗೇಟಿನೊಳಗೆ ಬಂದು ನನ್ನ ಹೆಂಡತಿಯ ಕಾಲಿಗೆ ಬಗ್ಗಿದಳು.

ಅವಳು ಕಾಲು ಎಳೆದುಕೊಂಡಳು. ಕಾಲೆತ್ತಲು ಅವಳಲ್ಲಿ ಶಕ್ತಿಯೇ ಇಲ್ಲ ಎಂದು ನಾನು ತಿಳಿದಿದ್ದೆ. ಎರಡೂ ಕಾಲನ್ನು ಕುರ್ಚಿಯ ಅಡಿಗೆ ಸರಿಸಿ, ಸೀರೆಯ ನೆರಿಗೆ ಎಳೆದು ಮುಚ್ಚಿಕೊಂಡಳು.

"ಮುಟ್ಬೇಡಿ. ನಾನು ಮೀನು ತಿಂದಿದ್ದೆ" ಎಂದಳು.

ತಾಳ ನಿಂತಿತು. ಮುದುಕಿ ಬಗ್ಗಿದಲ್ಲೇ ಉಳಿದಳು. ಎಲ್ಲರೂ ನನ್ನ ಹೆಂಡತಿಯನ್ನು ನೋಡುತ್ತಿದ್ದರು, ಅವಳು ನೆಲ ನೋಡುತ್ತಿದ್ದಳು. ಬುವಾ ಮಾತ್ರ ನನ್ನನ್ನು ನೋಡಿದರು. ಅವಳ ಮುಖ ಕಂಡ ಕೂಡಲೆ ಅವರಿಗೆ ಎಲ್ಲ ತಿಳಿದುಹೋಗಿತ್ತು. ನಾನು ಹೇಳಲಿ ಎಂದು ಕಾದರು. ನಾನು ಹೇಳಬೇಕಿದ್ದದ್ದು ಒಂದೇ ವಾಕ್ಯ. ಇವಳು ತಿಂದದ್ದಲ್ಲ, ಸುಳ್ಳು ಹೇಳಿ ನಾನು ತಿನ್ನಿಸಿದ್ದು. ಅಷ್ಟು ಜನರ ಮುಂದೆ, ಅವಳಿಗೆ ಕೇಳುವ ಹಾಗೆ. ನಡೆದು ಬಂದವರಿಗೆ ನೀರು ತರುತ್ತೇನೆ ಎಂದು ನಾನು ಒಳಗೆ ಹೋದೆ. ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾಗ ತಾಳ ಮತ್ತೆ ಶುರುವಾದದ್ದು, ದೂರವಾದದ್ದು ಕೇಳಿಸಿತು.

ದಿಂಡಿ ಬೆಳಗಾವಿ ದಾಟಿದ ದಿನ ಅವಳು ಹೋದಳು.

ಈ ವರ್ಷ ದಿಂಡಿಗೆ ಬರುತ್ತೇನೆಂದು ಬುವಾಗೆ ಹೇಳಿದ್ದೇನೆ. ದಿನಾ ಬಿಣಗಾವರೆಗೆ ಒಬ್ಬನೇ ನಡೆಯುತ್ತೇನೆ, ಗಡಿಯಾರ ಕಟ್ಟುವುದಿಲ್ಲ. ಮಾಲೆ ಹಾಕಿಸಿಕೊಳ್ಳುತ್ತೀರಾ ಎಂದು ಅವರು ಕೇಳಿದರು, ಇಲ್ಲ ಎಂದೆ. ಹೊರಡುವ ಮುಂಚೆ ದಿಂಡಿಯವರ ಮುಂದೆ ಎರಡು ಮಾತಾಡಲು ಬಿಡಬೇಕು ಎಂದು ಕೇಳಿಕೊಂಡಿದ್ದೇನೆ. ಬುವಾ ಆಗಲಿ ಎಂದರು, ಏನು ಮಾತು ಎಂದು ಕೇಳಲಿಲ್ಲ. ಆ ಮುದುಕಿಯೂ ಈ ಸಲ ಬರುತ್ತಾಳಂತೆ. ಅವಳಿಗೂ ಕೇಳುತ್ತದೆ, ಉಳಿದವರಿಗೂ ಕೇಳುತ್ತದೆ. ಕೇಳಬೇಕಾದವಳು ಕಾಲು ಮುಚ್ಚಿಕೊಂಡೇ ಹೋದಳು.